ಒಂದೇ ಯಂತ್ರ, ಇಬ್ಬರು ಯಜಮಾನರು

ಬೆಂಗಳೂರಿನ ರಾಜಾಜಿನಗರದ ಒಂದು ಮನೆಯ ನಡುಮನೆಯಲ್ಲಿ, ಕಿಟಕಿಗೆ ಒತ್ತಿ ಹಾಕಿದ ತೇಗದ ಮೇಜೊಂದುಂಟು. ಮನೆಯ ಹಿರಿಯರು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು. ಅಷ್ಟು ವರ್ಷವೂ ಆ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟುಗಳಿರುತ್ತಿದ್ದವು. ನಿವೃತ್ತಿಯಾದ ಮೇಲೆ ಅವುಗಳ ಜಾಗಕ್ಕೆ ಪ್ರಕಾಶಕರ ಕರಡಚ್ಚುಗಳು ಬಂದವು. ಕರಡು ತಿದ್ದುವುದು ಮೇಷ್ಟ್ರಿಗೆ ಹೊಟ್ಟೆಪಾಡೇನೂ ಅಲ್ಲ, ಪಿಂಚಣಿ ಬರುತ್ತದೆ. ಆದರೆ ತನ್ನ ಕಣ್ಣಿಗೆ ಬೀಳದೆ ಒಂದು ತಪ್ಪೂ ಅಚ್ಚಾಗದೆಂಬ ಖ್ಯಾತಿ ಅವರಿಗುಂಟು. ಆ ಖ್ಯಾತಿಯನ್ನು ಅವರು ಪಿಂಚಣಿಗಿಂತ ಒಂದು ಕೈ ಮೇಲಾಗಿಯೇ ಎಣಿಸಿದ್ದಾರೆ.

ಈಚೆಗೆ ಕರಡು ಕಾಗದದ ಮೇಲೆ ಬರುವುದು ನಿಂತಿದೆ. ಇ-ಮೇಲಿನಲ್ಲಿ ಕಡತ ಬರುತ್ತದೆ. ಅದನ್ನು ತೆರೆದು ಓದಲು ಮನೆಯಲ್ಲಿರುವುದು ಒಂದೇ ಯಂತ್ರ: ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿರುವ ಮಗನ ಲ್ಯಾಪ್‌ಟಾಪು. ಕಾಲೇಜಿನ ನಕ್ಷೆಗಳನ್ನು ಬಿಡಿಸುವುದಕ್ಕೂ, ರಾತ್ರಿ ಗೆಳೆಯರೊಡನೆ ಆಡುವುದಕ್ಕೂ ಆಗಲೆಂದು ಅವನು ಹಟಹಿಡಿದು ಕೊಡಿಸಿಕೊಂಡ ‘ಗೇಮಿಂಗ್ ಲ್ಯಾಪ್‌ಟಾಪು’ ಅದು. ಇಟ್ಟಿಗೆಯಷ್ಟು ದಪ್ಪದ ಅಡಾಪ್ಟರು, ಬೆನ್ನಿನಲ್ಲಿ ಎರಡು ಗಾಳಿಗಿಂಡಿಗಳು, ಓಡತೊಡಗಿದರೆ ಹಿಟ್ಟಿನ ಗಿರಣಿಯ ಸದ್ದು. ಇಷ್ಟೆಲ್ಲ ವೈಭವವಿದ್ದರೂ ಅದರ ಪರದೆ ಮಾತ್ರ 15.6 ಅಂಗುಲ.

ತೊಂದರೆ ಹುಟ್ಟಿದ್ದು ಅಲ್ಲಿಯೇ. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಅಡಿಯ ಒಂದು ಪುಟ್ಟ ಸೀಳು. ಇಂಗ್ಲಿಷ್ ಓದುವವನಿಗೆ ಈ ಕಷ್ಟ ತಿಳಿಯದು. ಶಾಲೆಯೊಂದರ ಸ್ಮರಣಸಂಚಿಕೆಯಲ್ಲಿ ‘ವಿದ್ಯಾಧನ’ ಎಂಬುದು ‘ವಿದ್ಯಾದನ’ ಎಂದು ಅಚ್ಚಾಗಿ, ಸರಸ್ವತಿಯ ಸಂಪತ್ತು ಕೊಟ್ಟಿಗೆಗೆ ಹೋಯಿತು. ಕರಡು ನೋಡಿದವರು ಮೇಷ್ಟ್ರೇ. ಪ್ರಕಾಶಕರು ಬಯ್ಯಲಿಲ್ಲ, ‘ವಯಸ್ಸಾಯಿತು ನೋಡಿ ಸಾರ್, ನಮಗೂ ಅಷ್ಟೇ’ ಎಂದು ಫೋನಿನಲ್ಲಿ ನಕ್ಕರು. ಬೈದಿದ್ದರೆ ಮೇಷ್ಟ್ರು ಆ ರಾತ್ರಿ ನಿದ್ದೆ ಮಾಡುತ್ತಿದ್ದರೇನೋ.

ದೊಡ್ಡ ಪರದೆ ಬೇಕೆಂಬ ಮಾತು ಮನೆಯಲ್ಲಿ ಎದ್ದದ್ದು ಹೀಗೆ. ಮೊದಲು ನಡುಮನೆಯ ಟೀವಿಯನ್ನೇ ಜೋಡಿಸಿ ನೋಡಿದರು. ಅಕ್ಷರಗಳ ಅಂಚಿನಲ್ಲಿ ಬಣ್ಣದ ಕೂದಲು ಎದ್ದಂತೆ ಕಂಡಿತು. ಕೆಲವು ಟೀವಿಗಳು ಬಣ್ಣದ ವಿವರವನ್ನು ಅರ್ಧಕ್ಕರ್ಧ ಬಿಟ್ಟು ಚಿತ್ರವನ್ನು ತೋರಿಸುತ್ತವೆ. ಧಾರಾವಾಹಿಯ ನಾಯಕಿಯ ಮುಖಕ್ಕೆ ಅದರಿಂದ ಬಾಧೆಯಿಲ್ಲ, ಅಕ್ಷರಕ್ಕೆ ಉಂಟು. ಮೇಲಾಗಿ ಸಂಜೆ ಏಳರ ಮೇಲೆ ಟೀವಿಯ ಒಡೆತನ ಮನೆಯಾಕೆಯದು. ‘ಧನವೋ ದನವೋ, ಏಳು ಗಂಟೆಯೊಳಗೆ ಕಟ್ಟಿಹಾಕಿಬಿಡಿ’ ಎಂದು ಅವರು ತೀರ್ಪು ಕೊಟ್ಟಮೇಲೆ ಆ ಪ್ರಯೋಗ ಮುಗಿಯಿತು.

ಕರಡು ತಿದ್ದಿ ಕೂಡಿಟ್ಟ ಹಣದಲ್ಲಿ ಮೇಷ್ಟ್ರು 27 ಅಂಗುಲದ ಮಾನಿಟರನ್ನು ಕೊಳ್ಳಲು ಒಪ್ಪಿದರು. ಮಗ ಆರಿಸಿದ್ದು ಸೆಕೆಂಡಿಗೆ 165 ಸಲ ಚಿತ್ರ ಬದಲಿಸಬಲ್ಲ ಮಾನಿಟರು. ಅಪ್ಪನಿಗೆ ಓದಲು, ತನಗೆ ಆಡಲು. ಒಂದೇ ಕಲ್ಲಿಗೆ ಎರಡು ಹಕ್ಕಿ. ಅದರೊಡನೆ ಬೇರೆ ಕೀಬೋರ್ಡು, ನಿಸ್ತಂತು ಮೌಸು. ಇವೆಲ್ಲವನ್ನೂ ಒಂದೇ ತಂತಿಯಲ್ಲಿ ಕೂಡಿಸಬಹುದೆಂದು ಎಸ್.ಪಿ. ರಸ್ತೆಯ ಅಂಗಡಿಯವನೊಬ್ಬನು ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೊಟ್ಟನು. ಅದರ ಹೆಸರು ‘ಹಬ್ಬು’. ಒಂದು ಕಡೆ ಯುಎಸ್‌ಬಿ-ಸಿ ಬಾಲ. ಇನ್ನೊಂದು ಕಡೆ ಮಾನಿಟರಿಗೆ, ಮೌಸಿಗೆ, ಹಾರ್ಡ್ ಡಿಸ್ಕಿಗೆ, ವಿದ್ಯುತ್ತಿಗೆ ಸಾಲಾಗಿ ಬಾಯಿಗಳು. ಜೊತೆಗೆ 100 ವಾಟಿನ ಸಣ್ಣ ಚಾರ್ಜರು. ಪೆಟ್ಟಿಗೆಯ ಮೇಲೆ ‘4ಕೆ’ ಎಂದು ಹೆಬ್ಬೆರಳಿನ ಗಾತ್ರದಲ್ಲಿ ಅಚ್ಚಾಗಿತ್ತು. ಅದರ ಕೆಳಗೆ ‘30 ಹರ್ಟ್ಸ್’ ಎಂದು ಇರುವೆಯ ಗಾತ್ರದಲ್ಲಿ ಅಚ್ಚಾದುದನ್ನು ಯಾರೂ ಓದಲಿಲ್ಲ. ‘ಗೌರೀಹಬ್ಬಕ್ಕೆ ಇನ್ನೂ ತಿಂಗಳಿರುವಾಗಲೇ ಮನೆಗೆ ಹಬ್ಬು ಬಂತಲ್ಲ’ ಎಂದು ಮನೆಯಾಕೆ ನಕ್ಕರು.

ನಗು ಬಹಳ ಹೊತ್ತು ಉಳಿಯಲಿಲ್ಲ. ಜೋಡಣೆಯಾದ ರಾತ್ರಿಯೇ ಮಗ ಆಟಕ್ಕೆ ಕುಳಿತನು. ಚಿತ್ರ ತಡವರಿಸಿತು. ಮೌಸಿನ ಬಾಣ ಕಪ್ಪೆಯಂತೆ ಕುಪ್ಪಳಿಸಿತು. ಗೋಡೆಗೆ ಚಾರ್ಜರು ಚುಚ್ಚಿದ್ದರೂ ಬ್ಯಾಟರಿ ಗಂಟೆಗಂಟೆಗೂ ಇಳಿಯಿತು. ಬರಿಯ ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನ ಕುದುರೆಯಂತೆ ಓಡಿದ ಆಟ ಈಗ ಕುಂಟಿತು. ‘ಇಷ್ಟು ಹಣ ಸುರಿದ ಯಂತ್ರಕ್ಕೆ ಒಂದು ಪರದೆ ಹೊರುವ ಶಕ್ತಿ ಇಲ್ಲವೇನಯ್ಯ?’ ಎಂದು ತಂದೆ ಕೇಳಿದರು. ಮಗ ಉತ್ತರ ಕೊಡಲಿಲ್ಲ. ತಾನು ಬೇಡಿ ಕೊಡಿಸಿಕೊಂಡದ್ದು. ಏನು ಉತ್ತರ ಕೊಟ್ಟಾನು?

ಅದಕ್ಕಿಂತ ಕೆಟ್ಟದ್ದು ಮರುದಿನ ಬೆಳಗ್ಗೆ ನಡೆಯಿತು. ಮೇಷ್ಟ್ರು ಹೊಸ ಪರದೆಯ ಮುಂದೆ ಕುಳಿತು ಕರಡನ್ನು ತೆರೆದರು. ಅಕ್ಷರಗಳೇನೋ ದೊಡ್ಡವಾಗಿದ್ದವು, ಆದರೆ ಮಂಜಿನಲ್ಲಿ ನಿಂತ ಮರಗಳ ಹಾಗೆ ಮಸುಕಾಗಿದ್ದವು. ಕನ್ನಡಕ ಒರೆಸಿ ನೋಡಿದರು, ಕುರ್ಚಿಯನ್ನು ಹಿಂದೆ ಸರಿಸಿ ನೋಡಿದರು. ದಕಾರದ ಹೊಟ್ಟೆಯಲ್ಲಿ ಸೀಳು ಇದೆಯೋ ಇಲ್ಲವೋ ತಿಳಿಯಲಿಲ್ಲ. ಇಷ್ಟು ದೊಡ್ಡ ಪರದೆಯಲ್ಲೂ ಕಾಣದಿದ್ದರೆ ಅದಕ್ಕೆ ಒಂದೇ ಅರ್ಥ ಎಂದುಕೊಂಡರು. ಮಗನಿಗೆ ಏನೂ ಹೇಳಲಿಲ್ಲ. ಮಧ್ಯಾಹ್ನ ಕಾಗದವೊಂದನ್ನು ತೆಗೆದುಕೊಂಡು, ದೃಷ್ಟಿ ಮಂದವಾದ ಕಾರಣ ಇನ್ನು ಮುಂದೆ ಕರಡು ನೋಡಲಾಗದೆಂದೂ ಇಷ್ಟು ದಿನದ ವಿಶ್ವಾಸಕ್ಕೆ ಕೃತಜ್ಞನೆಂದೂ ಪ್ರಕಾಶಕರಿಗೆ ನಾಲ್ಕು ಸಾಲು ಬರೆದು, ನಿಘಂಟಿನ ಕೆಳಗೆ ಇಟ್ಟರು. ಮೇಜು ಒರೆಸುವಾಗ ಅದನ್ನು ಕಂಡವರು ಮನೆಯಾಕೆ. ಕಂಡು, ಇದ್ದ ಹಾಗೆಯೇ ಇಟ್ಟರು.

ಗೌರೀಹಬ್ಬಕ್ಕೆ ಮಗಳು ಮೈಸೂರಿನಿಂದ ತವರಿಗೆ ಬಂದಳು. ಎಲೆಕ್ಟ್ರಾನಿಕ್ಸ್ ಓದಿ ಅಲ್ಲಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿರುವವಳು. ಬಾಗಿನ ಕೊಟ್ಟು ಊಟ ಮುಗಿದು, ಅಡಿಗೆಮನೆಯಲ್ಲಿ ತಾಯಿ ಮಗಳಿಗೆ ಕಾಗದದ ವಿಷಯ ಹೇಳಿದರು. ಸೆರಗಿಗೆ ಕೈ ಒರೆಸಿಕೊಂಡು ಆಕೆ ನೇರವಾಗಿ ಮೇಜಿನ ಬಳಿಗೆ ಬಂದಳು. ಪರದೆಯನ್ನು ನೋಡಲಿಲ್ಲ, ಬಗ್ಗಿ ಲ್ಯಾಪ್‌ಟಾಪಿನ ಪಕ್ಕೆಗಳನ್ನು ನೋಡಿದಳು.

‘ಈ ಸಿ ಕಿಂಡಿಯ ಹಿಂದೆ ಏನಿದೆಯೆಂದು ನೋಡಿದೆಯೇನೋ?’ ಎಂದು ತಮ್ಮನನ್ನು ಕೇಳಿದಳು.

‘ಕಿಂಡಿಗೆ ಹಬ್ಬು ಸರಿಯಾಗಿ ಕೂತಿತಲ್ಲ ಅಕ್ಕ.’

‘ಕೂರುವುದು ಬೇರೆ, ಹೊರುವುದು ಬೇರೆ ಕಣೋ.’

ಅವಳ ಮಾತಿನ ಹಿಂದೆ ಮೂರು ದಶಕಗಳ ಇತಿಹಾಸವುಂಟು. ಹಿಂದೆ ಕಂಪ್ಯೂಟರಿನ ಬೆನ್ನಿನಲ್ಲಿ ಒಂದೊಂದು ಉಪಕರಣಕ್ಕೂ ಒಂದೊಂದು ಆಕಾರದ ಕಿಂಡಿಯಿತ್ತು. ಕೀಬೋರ್ಡಿಗೆ ದುಂಡನೆಯದು, ಮುದ್ರಣಯಂತ್ರಕ್ಕೆ ಉದ್ದನೆಯದು, ಪರದೆಗೆ 1987ರಲ್ಲಿ ಐಬಿಎಂ ತಂದ 15 ಮುಳ್ಳಿನ ವಿಜಿಎ. ಈ ಗೊಂದಲವನ್ನು ನಿವಾರಿಸಲೆಂದು ಏಳು ಕಂಪನಿಗಳು ಸೇರಿ ಯುಎಸ್‌ಬಿ ಎಂಬ ಏಕರೂಪದ ವ್ಯವಸ್ಥೆಯನ್ನು ರೂಪಿಸಿ 1996ರಲ್ಲಿ ಹೊರತಂದವು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಇಂಟೆಲಿನ ಅಜಯ್ ಭಟ್ಟರು ಬರೋಡೆಯಲ್ಲಿ ಓದಿದವರು. 2014ರಲ್ಲಿ ಬಂದ ‘ಸಿ’ ಆಕಾರ ಇನ್ನೂ ಒಂದು ಉಪಕಾರ ಮಾಡಿತು: ತಲೆಕೆಳಗಾಗಿ ಚುಚ್ಚಿದರೂ ಕೂರುತ್ತದೆ. ಆದರೆ ಆಕಾರ ಒಂದಾದಷ್ಟೂ ಒಳಗಿನ ಸಾಮರ್ಥ್ಯ ಹಲವಾಯಿತು. ಒಂದು ಸಿ ಕಿಂಡಿ ಬರಿಯ ಕಡತಗಳನ್ನು ಸಾಗಿಸೀತು. ಇನ್ನೊಂದು ಚಿತ್ರವನ್ನೂ ಕಳಿಸೀತು. ಮತ್ತೊಂದು ವಿದ್ಯುತ್ತನ್ನೂ ಕುಡಿದೀತು. ನೋಡುವ ಕಣ್ಣಿಗೆ ಮೂರೂ ಒಂದೇ. ಹಿಂದಿನ ಕಾಲದಲ್ಲಿ ತಪ್ಪು ತಂತಿ ತಪ್ಪು ಕಿಂಡಿಗೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಅದೊಂದು ರಕ್ಷಣೆಯಾಗಿತ್ತೆಂದು ಈಗ ತೋರುತ್ತದೆ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಬಾಣದೊಡನೆ ಥಂಡರ್‌ಬೋಲ್ಟಿನ ಗುರುತೋ, ಡಿಸ್‌ಪ್ಲೇಪೋರ್ಟಿನ ‘ಡಿ-ಪಿ’ ಗುರುತೋ ಇದ್ದರೆ ಅಲ್ಲಿಂದ ಚಿತ್ರ ಹೊರಡುತ್ತದೆ. ಗುರುತಿಲ್ಲದಿದ್ದರೆ ಯಂತ್ರದ ಕೈಪಿಡಿಯನ್ನು ತೆರೆಯಬೇಕು. ಕೈಪಿಡಿ ತೆರೆಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಕಡಿಮೆ. ಗ್ಯಾರಂಟಿ ಕಾಗದದೊಡನೆ ಬೀರುವಿನಲ್ಲಿ ಬೀಗಹಾಕಿಡುವುದೇ ಹೆಚ್ಚು.

ಈ ಮನೆಯ ಯಂತ್ರದಲ್ಲಿ ಸಿ ಕಿಂಡಿ ಚಿತ್ರವನ್ನು ಕಳಿಸುತ್ತಿತ್ತು, ನಿಜ. ಆದರೆ ಯಾರ ಕೈಯಿಂದ? ಮಗಳು ವಿಂಡೋಸಿನ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಒಂದೊಂದೇ ಬಾಗಿಲು ದಾಟಿ ಒಂದು ಪುಟಕ್ಕೆ ಬಂದಳು. ಮಾನಿಟರು ಯಾವ ಗ್ರಾಫಿಕ್ಸ್ ಚಿಪ್ಪಿಗೆ ಸೇರಿದೆಯೆಂದು ಆ ಪುಟ ಹೇಳುತ್ತದೆ. ಅಲ್ಲಿ ಇಂಟೆಲಿನ ಹೆಸರಿತ್ತು.

ಗೇಮಿಂಗ್ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಚಿತ್ರಕಾರರಿರುತ್ತಾರೆ. ಒಬ್ಬ ಮುಖ್ಯ ಪ್ರೊಸೆಸರಿನೊಳಗೇ ಸಂಸಾರ ಹೂಡಿದ ಸಣ್ಣ ಚಿಪ್ಪು, ಮಿತಾಹಾರಿ. ಇನ್ನೊಬ್ಬ ಪ್ರತ್ಯೇಕವಾದ ದೊಡ್ಡ ಚಿಪ್ಪು. ಯಂತ್ರದ ಬೆಲೆಯಲ್ಲಿ ಬಹುಭಾಗ ಅವನದು, ಗಿರಣಿಯ ಸದ್ದೂ ಬಹುಮಟ್ಟಿಗೆ ಅವನದೇ. ಬ್ಯಾಟರಿ ಉಳಿಸಲೆಂದು ಎನ್‌ವಿಡಿಯಾ ಕಂಪನಿ 2010ರಲ್ಲಿ ‘ಆಪ್ಟಿಮಸ್’ ಎಂಬ ಏರ್ಪಾಟನ್ನು ತಂದಿತು. ಅದರಂತೆ ಕಷ್ಟದ ಚಿತ್ರವನ್ನು ದೊಡ್ಡ ಚಿಪ್ಪು ಬರೆಯುತ್ತದೆ. ಬರೆದುದನ್ನು ಸಣ್ಣ ಚಿಪ್ಪಿನ ಸ್ಮೃತಿಗೆ ನಕಲು ಮಾಡಲಾಗುತ್ತದೆ. ಪರದೆಗೆ ಒಯ್ಯುವುದು ಸಣ್ಣ ಚಿಪ್ಪು. ಹಿರಿಯ ಅಧಿಕಾರಿ ಬರೆದ ಕಾಗದ ಗುಮಾಸ್ತನ ಮೇಜಿನ ಮೂಲಕವೇ ಹೊರಡಬೇಕೆಂಬ ಕಚೇರಿಯ ನಿಯಮದಂತೆ. ಓಲೆ ತಲುಪುತ್ತದೆ, ಕೊಂಚ ತಡವಾಗುತ್ತದೆ, ಆಟದ ವೇಗವೂ ಕೊಂಚ ಕುಗ್ಗುತ್ತದೆ. ಹೊರಗಿನ ಮಾನಿಟರಿಗೆ ಈ ಸುತ್ತು ಅನಿವಾರ್ಯವಲ್ಲ. ಯಾವ ಕಿಂಡಿಯ ತಂತಿ ಯಾವ ಚಿಪ್ಪಿಗೆ ಎಂಬುದನ್ನು ಯಂತ್ರ ಕಟ್ಟುವವರೇ ನಿರ್ಧರಿಸಿರುತ್ತಾರೆ. ಈ ಯಂತ್ರದಲ್ಲಿ ಪಕ್ಕೆಯ ಸಿ ಕಿಂಡಿ ಗುಮಾಸ್ತನದು. ಬೆನ್ನಿನ ಎಚ್‌ಡಿಎಂಐ ಕಿಂಡಿ ನೇರವಾಗಿ ಅಧಿಕಾರಿಯದು. ಬೇರೆ ಯಂತ್ರಗಳಲ್ಲಿ ಇದು ತಿರುವುಮುರುವಾಗಿಯೂ ಇರಬಹುದು. ಆದ್ದರಿಂದ ಆ ಒಂದು ಪುಟವನ್ನು ನೋಡದೆ ತಂತಿ ಕೊಳ್ಳುವುದು ಜಾತಕ ನೋಡದೆ ಛತ್ರ ಗೊತ್ತುಮಾಡಿದಂತೆ.

ಮಗಳು ಹಬ್ಬನ್ನು ಕಿತ್ತು, ಮಾನಿಟರಿನೊಡನೆ ಬಂದು ಪೆಟ್ಟಿಗೆಯಲ್ಲೇ ಮಲಗಿದ್ದ ಎಚ್‌ಡಿಎಂಐ ತಂತಿಯನ್ನು ಬೆನ್ನಿನ ಕಿಂಡಿಗೆ ಚುಚ್ಚಿದಳು. ಪುಟದಲ್ಲಿ ಹೆಸರು ಬದಲಾಯಿತು. ಅದೇ ಪುಟದಲ್ಲಿ ಕೆಳಗೆ ‘ರಿಫ್ರೆಶ್ ರೇಟ್’ ಎಂಬ ಸಾಲು. ಅಲ್ಲಿ ಇನ್ನೂ 60 ಎಂದೇ ಇತ್ತು. ಅದನ್ನು ಮುಟ್ಟಿ ತೆರೆದಾಗ 144ರವರೆಗೆ ಪಟ್ಟಿ ಇಳಿಯಿತು. ವೇಗದ ಮಾನಿಟರು ಕೊಂಡು ತಿಂಗಳುಗಟ್ಟಲೆ 60ರಲ್ಲೇ ಓಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಯಂತ್ರ ತಾನಾಗಿ ಎಲ್ಲ ಸಲವೂ ಮೇಲಿನ ವೇಗವನ್ನು ಹಿಡಿಯುವುದಿಲ್ಲ, ಹೇಳಬೇಕು.

‘165 ಎಲ್ಲಿ ಅಕ್ಕ? ಪೆಟ್ಟಿಗೆಯ ಮೇಲೆ ಬರೆದಿದೆ’ ಎಂದು ತಮ್ಮ ಕೇಳಿದನು. ಅಕ್ಕ ಅಪ್ಪನ ಕೆಂಪು ಪೆನ್ಸಿಲನ್ನು ತೆಗೆದುಕೊಂಡು ಹಳೆಯ ಲಕೋಟೆಯ ಮೇಲೆ ಲೆಕ್ಕ ಹಾಕಿದಳು.

ಪರದೆಯಲ್ಲಿ ಅಡ್ಡಕ್ಕೆ 2560 ಚುಕ್ಕೆ, ನೀಟಕ್ಕೆ 1440, ಗುಣಿಸಿದರೆ 36,86,400. ಕೆಂಪು, ಹಸುರು, ನೀಲಿ ಎಂದು ಒಂದೊಂದು ಚುಕ್ಕೆಗೆ ಒಟ್ಟು 24 ಬಿಟ್ಟುಗಳ ಸುದ್ದಿ. ಸೆಕೆಂಡಿಗೆ 60 ಸಲ ಕಳಿಸಿದರೆ ಸುಮಾರು 530 ಕೋಟಿ ಬಿಟ್ಟು. 144 ಸಲಕ್ಕೆ 1274 ಕೋಟಿ. 165 ಸಲಕ್ಕೆ 1460 ಕೋಟಿ. ಇನ್ನು ದಾರಿಯ ಅಗಲ. ಎಚ್‌ಡಿಎಂಐ 2002ರಲ್ಲಿ ಮೊದಲು ಬಂದು, ಆಮೇಲೆ ಹಂತಹಂತವಾಗಿ ಅಗಲವಾಯಿತು. 2009ರ 1.4ನೆಯ ಆವೃತ್ತಿ ಹೊರುವುದು ಸೆಕೆಂಡಿಗೆ 1020 ಕೋಟಿ. ಅದರಲ್ಲಿ ಐದನೆಯ ಒಂದು ಪಾಲು ಸಂಕೇತದ ಕಟ್ಟುನಿಟ್ಟಿಗೇ ಹೋಗಿ ಚಿತ್ರಕ್ಕೆ ಉಳಿಯುವುದು 816 ಕೋಟಿ. ಹಬ್ಬಿನೊಳಗಿದ್ದದ್ದು ಈ ದಾರಿ. ಆದ್ದರಿಂದಲೇ 60ಕ್ಕೆ ನಿಂತಿತು. 2013ರ 2.0 ಆವೃತ್ತಿಯಲ್ಲಿ ಇದೇ ಲೆಕ್ಕದಿಂದ ಚಿತ್ರಕ್ಕೆ ಸಿಗುವುದು 1440 ಕೋಟಿ. 144 ಸಲದ ಚಿತ್ರ ಅದರಲ್ಲಿ ಹಿಡಿಸುತ್ತದೆ. 165 ಸಲದ್ದು ಹಿಡಿಸದು. ಲ್ಯಾಪ್‌ಟಾಪಿನ ಕಿಂಡಿ 2017ರ 2.1 ಆವೃತ್ತಿಯದೇ ಆದರೂ, ಮಾನಿಟರಿನ ಎಚ್‌ಡಿಎಂಐ ಕಿಂಡಿ 2.0, ಇಬ್ಬರಲ್ಲಿ ಸಣ್ಣವನ ಮಾತೇ ನಡೆಯುತ್ತದೆ. 165 ಬೇಕಾದರೆ ಮಾನಿಟರಿನ ಡಿಸ್‌ಪ್ಲೇಪೋರ್ಟ್ ಕಿಂಡಿಗೆ ಹೋಗಬೇಕು, ಅದರ 1.4 ಆವೃತ್ತಿಯಲ್ಲಿ ಚಿತ್ರಕ್ಕೆ 2592 ಕೋಟಿಯ ಅಗಲವುಂಟು.

(ಇಲ್ಲಿ ಒಂದು ಎಚ್ಚರಿಕೆ. ‘ಎಚ್‌ಡಿಎಂಐ 2.1’ ಎಂಬ ಹೆಸರು ಕಂಡ ಮಾತ್ರಕ್ಕೆ ಪೂರ್ಣ ಅಗಲದ ದಾರಿ ಎಂದು ನಂಬಬಾರದು. ಹಳೆಯ 2.0ರ ಗುಣಗಳಷ್ಟೇ ಇರುವ ಉಪಕರಣಕ್ಕೂ 2.1ರ ಹೆಸರಿಡಲು ನಿಯಮದಲ್ಲಿ ಅವಕಾಶವುಂಟೆಂದು 2021ರಲ್ಲಿ ಬೆಳಕಿಗೆ ಬಂತು. ನಾಮಕರಣವನ್ನು ಬಿಟ್ಟು, ಎಷ್ಟು ಚುಕ್ಕೆ, ಸೆಕೆಂಡಿಗೆ ಎಷ್ಟು ಸಲ ಎಂದೇ ಅಂಗಡಿಯಲ್ಲಿ ಕೇಳಬೇಕು.)

‘ಹಾಗಾದರೆ ಡಿಸ್‌ಪ್ಲೇಪೋರ್ಟಿನ ತಂತಿ ತರುತ್ತೇನೆ’ ಎಂದು ತಮ್ಮ ಆಗಲೇ ಎದ್ದು ನಿಂತನು.

‘ಕೂತುಕೋ. ತಂದು ಎಲ್ಲಿಗೆ ಚುಚ್ಚುತ್ತೀಯೆ? ನಿನ್ನ ಯಂತ್ರದಲ್ಲಿ ಆ ದಾರಿ ಇರುವುದು ಸಿ ಕಿಂಡಿಯಲ್ಲಿ, ಅದು ಗುಮಾಸ್ತನದು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 60ರಲ್ಲಿ 16.7 ಮಿಲಿಸೆಕೆಂಡು. 144ರಲ್ಲಿ 6.9. ಹತ್ತಿರ ಹತ್ತಿರ ಹತ್ತು ಉಳಿಯಿತು, ಅದು ಕಣ್ಣಿಗೆ ಕಾಣುತ್ತದೆ. 165ರಲ್ಲಿ 6.1. ಇನ್ನೂ ಒಂದು ಕೂಡ ಉಳಿಯಲಿಲ್ಲ. ಅದಕ್ಕಾಗಿ ಅಪ್ಪನ ಹಣ ಇನ್ನಷ್ಟು ಬೇಕೇನೋ?’

ತಮ್ಮ ಕುಳಿತನು. ಅಕ್ಕನ ತೀರ್ಪು ನ್ಯಾಯವಾದದ್ದೇ. ಅಂಕಿ ದೊಡ್ಡದಾದಷ್ಟೂ ಲಾಭ ಸಣ್ಣದಾಗುವ ಈ ಲೆಕ್ಕವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಡಿಸ್‌ಪ್ಲೇಪೋರ್ಟಿನ ಕಿಂಡಿ ಮಾತ್ರವೇ ಇರುವ ಮಾನಿಟರನ್ನು ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿಗೆ ಸೇರಿಸಹೊರಡುವವರು ಇನ್ನೊಂದನ್ನೂ ತಿಳಿದಿರಬೇಕು: ಎರಡು ಬಗೆಯ ಮೂತಿಗಳಿರುವ ಅಗ್ಗದ ತಂತಿಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಹರಿಯುವಂಥವು. ಯಂತ್ರದ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಅವು ಹರಿಯುತ್ತವೆ. ತಿರುಗಿಸಿ ಹಾಕಿದರೆ ಪರದೆ ಕತ್ತಲೆಯೇ. ವಿರುದ್ಧ ದಿಕ್ಕಿಗೆ ಬೇಕಾದರೆ ಒಳಗೆ ಚಿಪ್ಪು ಇರುವ ಬೇರೆ ಬಗೆಯ ಪರಿವರ್ತಕವನ್ನು ಕೇಳಿ ತರಬೇಕು.

ಬ್ಯಾಟರಿ ಇಳಿದ ರಹಸ್ಯ ಇದಕ್ಕಿಂತ ಸುಲಭ. ಇಟ್ಟಿಗೆಯಂಥ ಅಡಾಪ್ಟರಿನ ಮೇಲೆ 230 ವಾಟ್ ಎಂದು ಬರೆದಿತ್ತು. ಮಗ ಅದನ್ನು ಕಾಲೇಜಿನ ಚೀಲದಲ್ಲಿಟ್ಟು, ಹಬ್ಬಿನ ಮೂಲಕ 100 ವಾಟಿನ ಚಾರ್ಜರನ್ನು ಕೊಟ್ಟಿದ್ದನು. ಆ ನೂರರಲ್ಲಿ ಹಬ್ಬೂ ತನ್ನ ಕೂಲಿಯನ್ನು ಮುರಿದುಕೊಳ್ಳುತ್ತದೆ. ಎರಡು ಸೇರು ಅಕ್ಕಿ ಉಣ್ಣುವವನಿಗೆ ಒಂದು ಪಾವು ಬಡಿಸಿದರೆ ಅವನು ಕೈಗೆಲಸವನ್ನೂ ತಗ್ಗಿಸುತ್ತಾನೆ, ಕಣಜದಲ್ಲಿ ಕೂಡಿಟ್ಟದ್ದನ್ನೂ ತೆಗೆದು ಉಣ್ಣುತ್ತಾನೆ. ಯಂತ್ರ ಎರಡನ್ನೂ ಮಾಡಿತು. ಸಿ ಕಿಂಡಿಯ ಮೂಲಕ 240 ವಾಟಿನವರೆಗೆ ಒಯ್ಯುವ ನಿಯಮ 2021ರಲ್ಲಿ ಬಂದಿದೆ. ಆದರೆ ಯಂತ್ರ, ತಂತಿ, ಚಾರ್ಜರು ಮೂರೂ ಅದಕ್ಕೆ ಒಪ್ಪಿದವಾಗಿರಬೇಕು. ಓದುಬರಹಕ್ಕೆ ಸಣ್ಣ ಚಾರ್ಜರು ಸಾಕು. ಆಟಕ್ಕೂ ನಕ್ಷೆಗೂ ಇಟ್ಟಿಗೆಯೇ ಬೇಕು. ಅದರ ಮೂರು ಮುಳ್ಳುಗಳಲ್ಲಿ ದಪ್ಪನೆಯದು ಭೂಮಿಗೆ ಸೇರುವಂಥದು. ಎರಡು ಮುಳ್ಳಿನ ಪ್ಲಗ್ಗಿಗೆ ಹೇಗೋ ಹೊಂದಿಸಿ ಕೂರಿಸಿದರೆ ಯಂತ್ರದ ಲೋಹದ ಮೈ ಮುಟ್ಟಿದಾಗ ಕೈ ಜುಮ್ಮೆನ್ನುವುದುಂಟು. ಮೇಜಿನ ಪ್ಲಗ್ಗಿಗೆ ಇನ್‌ವರ್ಟರಿನ ಸಂಪರ್ಕವಿರಲಿಲ್ಲ. ಕರೆಂಟು ಹೋದರೆ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉಳಿಯುತ್ತದೆ, ಮಾನಿಟರು ಉಳಿಯದು. ಆಗ ಗಾಬರಿಯಾಗದೆ ಲ್ಯಾಪ್‌ಟಾಪಿನ ಸ್ವಂತ ಪರದೆಯನ್ನು ನೋಡಿದರೆ ಕೆಲಸ ಹಾಗೆಯೇ ಇರುತ್ತದೆಂದು ಆಕೆ ಅಪ್ಪನಿಗೆ ಹೇಳಿಟ್ಟಳು.

ಮೌಸಿನ ಕಪ್ಪೆಕುಣಿತಕ್ಕೆ ಎಲ್ಲರೂ ಬ್ಯಾಟರಿಯ ಮೇಲೆ ಸಂಶಯಪಟ್ಟು ಎರಡು ಸಲ ಬದಲಿಸಿದ್ದರು. ಕಾರಣ ಬೇರೆ. ನಿಸ್ತಂತು ಮೌಸು ಮಾತಾಡುವುದು 2.4 ಗಿಗಾಹರ್ಟ್ಸಿನ ರೇಡಿಯೋ ಅಲೆಗಳಲ್ಲಿ. ಅದರ ಮಾತನ್ನು ಕೇಳುವ ಗುಂಡಿಯಷ್ಟು ಗಾತ್ರದ ತುಂಡು ಹಬ್ಬಿನಲ್ಲಿ ಹಾರ್ಡ್ ಡಿಸ್ಕಿನ ಮಗ್ಗುಲಿಗೇ ಕುಳಿತಿತ್ತು. ಯುಎಸ್‌ಬಿ 3.0ರ ವೇಗದ ತಂತಿಗಳು ಓಡುವಾಗ ಅದೇ ಅಲೆಗಳ ಪ್ರದೇಶದಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿದೆ. ಸಂತೆಯ ನಡುವೆ ನಿಂತು ಪಿಸುಮಾತು ಕೇಳುವ ಪಾಡು ಅದರದು. ಮಗಳು ಆ ತುಂಡನ್ನು ತೆಗೆದು, ಲ್ಯಾಪ್‌ಟಾಪಿನ ಎದುರು ಪಕ್ಕೆಯ ಕಿಂಡಿಗೆ ಮೊಳದುದ್ದದ ತಂತಿಯ ಮೂಲಕ ಸೇರಿಸಿ ಮೌಸಿನ ಹತ್ತಿರಕ್ಕೆ ತಂದಿಟ್ಟಳು. ಬಾಣ ನೆಟ್ಟಗೆ ನಡೆಯಿತು. ಹಬ್ಬಿಗೂ ಕೆಲಸ ತಪ್ಪಲಿಲ್ಲ. ಕೀಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಅದಕ್ಕೇ ವಹಿಸಿದಳು. ಅಂಥ ಹಗುರವಾದ ಹೊರೆಗೆ ಅದು ಸಾಕು. ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ ಮೂಲೆಗೆ ತಳ್ಳೋಣವೆಂದು ತಮ್ಮ ಹೇಳಿದಾಗ ಮಾತ್ರ ಬೇಡವೆಂದಳು: ಇಂಥ ಅನೇಕ ಯಂತ್ರಗಳು ಕೀಲಿಗಳ ಸಂದಿನಿಂದಲೂ ಉಸಿರಾಡುತ್ತವೆ. ಗೋಡೆಗೆ ಬೆನ್ನು ಒತ್ತಿದ್ದುದನ್ನೂ ಒಂದು ಗೇಣು ಮುಂದಕ್ಕೆ ಎಳೆದಳು.

ಇಷ್ಟು ಹೊತ್ತೂ ಮೇಷ್ಟ್ರು ಉಯ್ಯಾಲೆಯ ಮೇಲೆ ಪಂಚಾಂಗ ಹಿಡಿದು, ಕೇಳಿಸದವರಂತೆ ಕುಳಿತಿದ್ದರು.

‘ಅಪ್ಪ, ಒಂದು ಕರಡು ತೆರೆಯಿರಿ.’

‘ಅವನ ಆಟ ಸರಿಹೋಯಿತಲ್ಲ, ಸಾಕು ಮಗು. ನನ್ನದು ಪರದೆಯ ದೋಷವಲ್ಲ.’

‘ತೆರೆಯಿರಿ, ನಾನೂ ನೋಡಬೇಕು.’

ಅವರು ಎದ್ದು ಬಂದು ಕಡತವನ್ನು ತೆರೆದರು. ಮಗಳು ನೋಡಿದಳು. ಇಪ್ಪತ್ತೆಂಟು ವರ್ಷದ ಅವಳ ಕಣ್ಣಿಗೂ ದಕಾರದ ಹೊಟ್ಟೆ ಮಸುಕಾಗಿಯೇ ಕಂಡಿತು. ‘ನನಗೂ ಕಾಣುವುದಿಲ್ಲ ಅಪ್ಪ’ ಎಂದಳು. ಮೇಷ್ಟ್ರು ಕನ್ನಡಕವನ್ನು ತೆಗೆದು ಅವಳ ಮುಖವನ್ನೇ ನೋಡಿದರು.

ವಿಷಯವಿಷ್ಟೆ. ತಂದೆಗೆ ಎರಡು ಪರದೆಗಳಲ್ಲೂ ಒಂದೇ ಚಿತ್ರ ಕಂಡರೆ ಗಲಿಬಿಲಿಯಾಗದೆಂದು ಮಗನು ಒಳ್ಳೆಯ ಮನಸ್ಸಿನಿಂದಲೇ ವಿಂಡೋಸಿಗೆ ‘ಡುಪ್ಲಿಕೇಟ್’ ಎಂದು ಹೇಳಿಟ್ಟಿದ್ದನು. ಲ್ಯಾಪ್‌ಟಾಪಿನ ಪರದೆಯಲ್ಲಿರುವುದು 1920ಕ್ಕೆ 1080 ಚುಕ್ಕೆ. ಮಾನಿಟರಿನಲ್ಲಿ 2560ಕ್ಕೆ 1440. ಇಬ್ಬರಿಗೂ ಒಂದೇ ಚಿತ್ರ ಬೇಕೆಂದಾಗ ಯಂತ್ರ ಚಿಕ್ಕದರ ಅಳತೆಗೆ ಬರೆದು, ದೊಡ್ಡದರ ಮೇಲೆ ಅದನ್ನೇ ಹಿಗ್ಗಿಸುತ್ತಿತ್ತು. ಒಂದು ಚುಕ್ಕೆಯನ್ನು ಒಂದೂ ಮೂರನೆಯ ಒಂದು ಚುಕ್ಕೆಯಗಲ ಎಳೆಯಬೇಕು. ಮೂರನೆಯ ಒಂದು ಚುಕ್ಕೆ ಎಂಬುದು ಪರದೆಯಲ್ಲಿ ಇಲ್ಲವಷ್ಟೆ. ಆದ್ದರಿಂದ ಅಕ್ಕಪಕ್ಕದ ಕಪ್ಪನ್ನೂ ಬಿಳುಪನ್ನೂ ಕಲಸಿ ಬೂದಿಬಣ್ಣ ಹಚ್ಚುತ್ತದೆ. ಚಿತ್ರಗಳಲ್ಲಿ ಇದು ತಿಳಿಯುವುದಿಲ್ಲ. ಅಕ್ಷರಗಳಲ್ಲಿ ತಿಳಿಯುತ್ತದೆ, ಅದರಲ್ಲೂ ಕೂದಲೆಳೆಯ ಸೀಳನ್ನು ನಂಬಿ ನಿಂತಿರುವ ನಮ್ಮ ಮಹಾಪ್ರಾಣಗಳ ಪ್ರಾಣವೇ ಹೋಗುತ್ತದೆ.

ಮಗಳು ವಿಂಡೋಸ್ ಕೀಲಿಯನ್ನೂ ‘ಪಿ’ ಅಕ್ಷರವನ್ನೂ ಒಟ್ಟಿಗೆ ಒತ್ತಿದಳು. ನಾಲ್ಕು ಸಾಲಿನ ಪಟ್ಟಿ ಬಂತು. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಎಂಬುದನ್ನು ಮುಟ್ಟಿದಳು. ಎರಡು ಪರದೆಗಳಲ್ಲಿ ಬೇರೆ ಬೇರೆ ಕೆಲಸ ಬೇಕಾದವರು ‘ಎಕ್ಸ್‌ಟೆಂಡ್’ ಎಂಬುದನ್ನು ಮುಟ್ಟಿದರಾಯಿತು. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ಮಂಜು ಹರಿದಿತ್ತು. ಒಮ್ಮೆ ಡಿಸ್‌ಪ್ಲೇ ಪುಟಕ್ಕೆ ಹೋಗಿ ಅಳತೆ 2560ಕ್ಕೆ 1440 ಎಂದೇ ಇರುವುದನ್ನು ಖಚಿತಮಾಡಿಕೊಂಡು, ‘ಸ್ಕೇಲ್’ ಎಂಬಲ್ಲಿ 125 ಎಂದು ಇಟ್ಟು ಅಕ್ಷರಗಳನ್ನು ಇನ್ನಷ್ಟು ದೊಡ್ಡದು ಮಾಡಿದಳು. ಹೀಗೆ ದೊಡ್ಡದು ಮಾಡಿದರೆ ಯಂತ್ರ ಚಿತ್ರವನ್ನು ಹಿಗ್ಗಿಸುವುದಿಲ್ಲ, ಅಕ್ಷರವನ್ನೇ ಹೊಸದಾಗಿ ಬರೆಯುತ್ತದೆ. ಅಂಚು ಹರಿತವಾಗಿಯೇ ಉಳಿಯುತ್ತದೆ.

ಮೇಷ್ಟ್ರು ಕುಳಿತರು. ಓದುವಾಗ ಅವರು ಗಲ್ಲವನ್ನು ಎತ್ತಿ ಹಿಡಿಯುವುದನ್ನು ಮಗಳು ಕಂಡಳು. ಅವರದು ಎರಡು ಭಾಗದ ಕನ್ನಡಕ. ಹತ್ತಿರದ್ದನ್ನು ಓದಲು ಕೆಳಭಾಗದಿಂದ ನೋಡಬೇಕು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕೆಂಬುದು ಸಾಮಾನ್ಯ ನಿಯಮವಾದರೂ, ಇಂಥ ಕನ್ನಡಕದವರಿಗೆ ಅದಕ್ಕಿಂತ ತಗ್ಗಿಸಿ ಇಡದಿದ್ದರೆ ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ಮಾನಿಟರಿನ ಕಾಲನ್ನು ಸರಿಸಬಹುದಾಗಿತ್ತು. ಅಪ್ಪನಿಗೆ ಒಪ್ಪುವಷ್ಟು ತಗ್ಗಿಸಿದಳು. ಆರಡಿ ಎತ್ತರದ ತಮ್ಮ ಅದರ ಮುಂದೆ ಕುಳಿತು ಗೂನು ಬೆನ್ನು ಮಾಡಿದನು. ಕಡೆಗೆ ಕಂಬಕ್ಕೆ ಕಾಗದದ ಪಟ್ಟಿ ಅಂಟಿಸಿ, ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದರು: ಕೆಳಗಿನದು ಅಪ್ಪನದು, ಮೇಲಿನದು ಮಗನದು.

ಯಂತ್ರದ ಹಂಚಿಕೆಯನ್ನೂ ಆ ಸಂಜೆಯೇ ಗೊತ್ತುಮಾಡಿದರು. ಬೆಳಗ್ಗೆ ಆರರಿಂದ ಒಂಬತ್ತು ಕರಡಿಗೆ. ಆಮೇಲೆ ಯಂತ್ರ ಕಾಲೇಜಿಗೆ. ರಾತ್ರಿ ಊಟವಾದ ಮೇಲೆ ಆಟಕ್ಕೆ, ಹತ್ತೂವರೆಯವರೆಗೆ. ಕಾಲೇಜಿಗೆ ಹೊರಡುವಾಗ ಕಿತ್ತು, ಬಂದು ಚುಚ್ಚಬೇಕಾದ ತಂತಿಗಳು ನಾಲ್ಕು: ಎಚ್‌ಡಿಎಂಐ, ಅಡಾಪ್ಟರು, ಹಬ್ಬಿನ ಬಾಲ, ಮೌಸಿನ ಮೊಳದ ತಂತಿ. ಒಂದೇ ತಂತಿಯ ಸೊಗಸು ಹೋಯಿತೆಂದು ಮಗನಿಗೆ ಕೊಂಚ ಬೇಸರ. ‘ನಾಲ್ಕು ತಂತಿ ಚುಚ್ಚಲಾರದವನು ಎಂಜಿನಿಯರಾಗುವುದು ಹೇಗಯ್ಯ?’ ಎಂದು ತಂದೆ ಕೇಳಿದರು. ಬಹಳ ದಿನಗಳ ಮೇಲೆ ಅವರ ದನಿಯಲ್ಲಿ ತರಗತಿಯ ಗತ್ತು ಮರಳಿತ್ತು.

ಮರುದಿನ ಗಣೇಶನ ಹಬ್ಬ. ನಸುಕಿನಲ್ಲಿ ಎದ್ದು ಬಂದ ಮನೆಯಾಕೆ ನಡುಮನೆಯಲ್ಲಿ ದೀಪವಿರುವುದನ್ನು ಕಂಡರು. ಪರದೆ ಕೆಳಗಿನ ಗೆರೆಯ ಮಟ್ಟದಲ್ಲಿತ್ತು. ಮೇಷ್ಟ್ರು ಸ್ನಾನ ಮುಗಿಸಿ, ಹೆಗಲ ಮೇಲೆ ಒದ್ದೆ ಟವಲಿನಲ್ಲಿಯೇ ಕುಳಿತು ಓದುತ್ತಿದ್ದರು. ಒಂದೆಡೆ ಕಣ್ಣು ನಿಂತಿತು. ಬೆರಳಿಟ್ಟು ನೋಡಿದರು, ಸೀಳಿಲ್ಲ, ಖಂಡಿತವಾಗಿ ಇಲ್ಲ. ಬರೆದುಕೊಳ್ಳಲು ಕಾಗದಕ್ಕಾಗಿ ಮೇಜಿನ ಮೇಲೆ ತಡಕಿದರು. ನಿಘಂಟಿನ ಕೆಳಗೆ ಒಂದು ಹಾಳೆ ಸಿಕ್ಕಿತು. ಬರೆದಿದ್ದ ಮಗ್ಗುಲನ್ನು ಮೇಜಿಗೆ ಒರಗಿಸಿ, ಹಿಂಭಾಗದಲ್ಲಿ ಕೆಂಪು ಪೆನ್ಸಿಲಿನಿಂದ ಬರೆದರು: ‘ಪುಟ 41, ಸಾಲು 7. ಸಾದನೆ ಅಲ್ಲ, ಸಾಧನೆ.’